ಕನ್ನಡ ಕಲಿತ ಬೀಜದ ಪೊಟ್ಟಣ

ಕಾಯಿಕೊರಕವನ್ನು ಕೊಲ್ಲುವ ವಿಷ ಗಿಡದಲ್ಲೇ ಇರುವ ಬಿಟಿ ಹತ್ತಿ ಬಂದ ಮೊದಲ ವರ್ಷಗಳಲ್ಲಿ 450 ಗ್ರಾಂ ಬೀಜದ ಪೊಟ್ಟಣದ ಜೊತೆಗೆ 120 ಗ್ರಾಂನ ಇನ್ನೊಂದು ಸಣ್ಣ ಪೊಟ್ಟಣ ಇರುತ್ತಿತ್ತು. ಅದರಲ್ಲಿದ್ದದ್ದು ಬಿಟಿ ಅಲ್ಲದ ಹತ್ತಿ. ಹೊಲದ ಸುತ್ತ ಐದು ಸಾಲು ಅಥವಾ ಹೊಲದ ಶೇ 20 ಭಾಗ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟರಲ್ಲಿ ಅದನ್ನು ಬಿತ್ತಬೇಕೆಂಬುದು ನಿಯಮವಾಗಿತ್ತು. ಅಲ್ಲಿ ವಿಷ ತಾಕದೆ ಬೆಳೆದ ಕಾಯಿಕೊರಕ, ಬಿಟಿ ತಿಂದೂ ಬದುಕಿದ ಒಂದೆರಡು ಹುಳುಗಳ ಜೊತೆ ಕೂಡಿದರೆ ವಿಷಕ್ಕೆ ಬಗ್ಗದ ಸಂತತಿ ಬೇಗ ಹುಟ್ಟುವುದಿಲ್ಲ. ವಿಜ್ಞಾನದ ಮಟ್ಟಿಗೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಸವಣೂರಿನ ಎರೆಯಲ್ಲಿ ಎರಡು ಎಕರೆ ಇಟ್ಟುಕೊಂಡವನು ಅದರ ಐದನೆಯ ಒಂದು ಪಾಲನ್ನು ಹುಳುವಿನ ಊಟಕ್ಕೆಂದು ಯಾಕೆ ಬಿಟ್ಟಾನು? ನೂರಾರು ಎಕರೆಯ ಅಮೆರಿಕನ್ ಜಮೀನಿಗೆ ಹೊಂದುವ ಯೋಚನೆಯನ್ನು ಇಲ್ಲಿ ಸಣ್ಣ ಪೊಟ್ಟಣದಲ್ಲಿ ಕಟ್ಟಿ ಕೊಟ್ಟರು. ದೇಶದ ಹೆಚ್ಚಿನ ಕಡೆ ಅದು ಬದುವಿನಾಚೆ ಬಿತ್ತು.

ಹೊರಗಿನ ಕಂಪನಿಗಳು ಸ್ಥಳೀಯ ಸಂಸ್ಕೃತಿಗೆ ಒಗ್ಗಿಕೊಂಡ ಬಗೆಯನ್ನು ವಿವರಿಸುವಾಗ ಮ್ಯಾನೇಜ್‌ಮೆಂಟ್ ಪಾಠಗಳು ಮೆಕ್‌ಡೊನಾಲ್ಡ್ಸ್‌ನ ಆಲೂ ಟಿಕ್ಕಿ ಬರ್ಗರನ್ನು ತೋರಿಸುತ್ತವೆ. ಬರ್ಗರ್ ರುಚಿಸದಿದ್ದರೆ ಹೋಗುವುದು ಒಂದು ಹೊತ್ತಿನ ಊಟ. ಬೀಜ ಹುಸಿಯಾದರೆ ವರ್ಷದ ದುಡಿಮೆ ಹೋಗುತ್ತದೆ, ಸಾಲ ಉಳಿಯುತ್ತದೆ. ಹಾಗಾಗಿ ಈ ಒಗ್ಗಿಕೊಳ್ಳುವಿಕೆಯನ್ನು ತೂಗಿ ನೋಡಲು ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಬೀಜದ ಅಂಗಡಿಗಳೇ ಸರಿಯಾದ ಜಾಗ ಎಂದು ನನಗನ್ನಿಸುತ್ತದೆ.

ಮಾರಾಟದ ಮಟ್ಟಿಗೆ ಕಂಪನಿಗಳು ಅಪ್ಪಟ ಸ್ಥಳೀಯವಾದವು, ಇದನ್ನು ಒಪ್ಪಲೇಬೇಕು. ಪೊಟ್ಟಣದ ಮೇಲೆ ಕನ್ನಡ ಬಂತು, ಊರ ಗೋಡೆಗಳ ಮೇಲೆ ಬಣ್ಣದ ಜಾಹೀರಾತು ಬಂತು. ರಸ್ತೆಗೆ ಕಾಣುವ ಹೊಲದಲ್ಲಿ ಬೋರ್ಡು ನೆಟ್ಟು, ಊರಿನ ಹೆಸರುಳ್ಳ ರೈತನ ಬೆಳೆ ತೋರಿಸಿ, ಪೆಂಡಾಲ್ ಹಾಕಿ ಊಟ ಬಡಿಸುವ ಕ್ಷೇತ್ರೋತ್ಸವ ಬಂತು. ಎಲ್ಲಕ್ಕಿಂತ ಜಾಣತನದ್ದು ಉದ್ರಿ. ಕಂಪನಿ ಅಂಗಡಿಯವನನ್ನು ಹಿಡಿಯಿತು, ಅಂಗಡಿಯವನು ರೈತನನ್ನು ಹಿಡಿದ. ಬೀಜ, ಗೊಬ್ಬರ, ಎಣ್ಣೆ (ಕೀಟನಾಶಕ) ಮೂರೂ ಒಂದೇ ಖಾತೆಯಲ್ಲಿ ಬರೆದುಕೊಂಡು ಸುಗ್ಗಿಗೆ ಲೆಕ್ಕ ಚುಕ್ತಾ ಮಾಡುವ ಹಳೆಯ ನಂಟಿನೊಳಗೆ ಜಗತ್ತಿನ ಅತಿ ದೊಡ್ಡ ಬೀಜ ಕಂಪನಿಗಳು ಸದ್ದಿಲ್ಲದೆ ಸೇರಿಕೊಂಡವು.

ಹೆಸರಿನಲ್ಲೂ ಅಷ್ಟೇ. ಈ ಭಾಗದಲ್ಲಿ ರೈತರು ಮುಗಿಬಿದ್ದು ಕೇಳಿದ ಮಹಿಕೋ ಕಂಪನಿಯ ಬಿಟಿ ಹತ್ತಿಗೆ ಕನಕ ಎಂದು ಹೆಸರು. ಕನಕದಾಸರು ಹುಟ್ಟಿದ ಬಾಡ ಶಿಗ್ಗಾಂವಿ ತಾಲ್ಲೂಕಿನಲ್ಲೇ ಇದೆ. ಕಂಪನಿಗೆ ಅದು ನೆನಪಿತ್ತೋ ಇಲ್ಲವೋ, ಹೆಸರಂತೂ ಇಲ್ಲಿ ಪರಕೀಯವಾಗಲಿಲ್ಲ. ಮಹಿಕೋದಲ್ಲಿ ಅಮೆರಿಕದ ಮಾನ್ಸಾಂಟೊ ಕಂಪನಿ 1998ರಲ್ಲಿ ಶೇ 26ರಷ್ಟು ಪಾಲು ಕೊಂಡಿತ್ತು. ಅದೇ ವರ್ಷದ ಕೊನೆಗೆ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿತು. ಆ ಬೆಂಕಿಯಲ್ಲಿ ನ್ಯಾಯವಿತ್ತು, ದೂರದೃಷ್ಟಿಯೂ ಇತ್ತು. ಆದರೆ ಕಾಯಿಕೊರಕಕ್ಕೆ ಎಣ್ಣೆ ಹೊಡೆದು ಹೊಡೆದು ಸೋತ ರೈತನಿಗೆ ಆ ಬೀಜ ಬೇಕಾಗಿತ್ತು ಎಂಬುದನ್ನು ಚಳವಳಿ ಸರಿಯಾಗಿ ಗಣನೆಗೆ ತೆಗೆದುಕೊಳ್ಳಲಿಲ್ಲ. 2002ರ ಮಾರ್ಚ್‌ನಲ್ಲಿ ಅನುಮತಿ ಸಿಕ್ಕ ಮೇಲೆ ಬಿಟಿ ಹತ್ತಿ ಹಬ್ಬಿದ ವೇಗಕ್ಕೆ ಜಾಹೀರಾತೊಂದೇ ಕಾರಣವಲ್ಲ. ಮೊದಲ ವರ್ಷಗಳಲ್ಲಿ ಎಣ್ಣೆ ಹೊಡೆಯುವುದು ನಿಜವಾಗಿಯೂ ಕಡಿಮೆಯಾಗಿತ್ತು.

ಹೊರಗಿನವರು ಇಲ್ಲಿಗೆ ಹತ್ತಿ ತಂದದ್ದು ಇದೇ ಮೊದಲಲ್ಲ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿಬೀಜವನ್ನು ಇಂಡಿಯಾದ ಅನೇಕ ಕಡೆ ಬಿತ್ತಿಸಿ ಸೋತಿತು. ನೆಲೆ ಕಂಡ ಬೆರಳೆಣಿಕೆಯ ಜಾಗಗಳಲ್ಲಿ ಧಾರವಾಡ ಸೀಮೆ ಒಂದು. ಧಾರವಾರ್-ಅಮೆರಿಕನ್ ಎಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳ ಬಾಯಲ್ಲಿ ನಿಂತ ಆ ಹತ್ತಿ ಬೇರೂರಲು ಮುಖ್ಯ ಕಾರಣ ಇಲ್ಲಿನ ಹದವಾದ ಹವೆ ಮತ್ತು ಎರಡು ಮಳೆಗಾಲ. ಅಲ್ಲಿಂದ ನೂರಮೂವತ್ತು ವರ್ಷ ಈಚೆಗೆ ಧಾರವಾಡದಲ್ಲೇ ಡಾ. ಬಿ.ಎಚ್. ಕಟರಕಿ 1972ರಲ್ಲಿ ವರಲಕ್ಷ್ಮಿ ಹೈಬ್ರಿಡ್ ಕೊಟ್ಟರು, 1981ರಲ್ಲಿ ಡಿಸಿಎಚ್-32 ಬಂತು. ಉದ್ದ ಎಳೆಯ ಆ ಹತ್ತಿಯ ಜೊತೆ ಇಡೀ ಒಂದು ಕಸುಬೇ ಬೆಳೆಯಿತು: ಸಂಜೆ ಮೊಗ್ಗಿನ ಗಂಡು ಭಾಗ ಕಿತ್ತು ಮರುದಿನ ಬೆಳಿಗ್ಗೆ ಇನ್ನೊಂದು ಹೂವಿನ ಪರಾಗ ಸವರುವ ಕ್ರಾಸಿಂಗ್. ಹಿರೇಕೆರೂರು, ರಾಣೆಬೆನ್ನೂರು ಕಡೆ ಬೀಜೋತ್ಪಾದನೆ ಮನೆಮಾತಾದದ್ದು ಇದರಿಂದ. ಈ ಕೈಗೆಲಸದ ಬಹುಪಾಲು ಹೆಣ್ಣುಮಕ್ಕಳದು, ಅವರಲ್ಲಿ ಶಾಲೆಗೆ ಹೋಗಬೇಕಾದವರೂ ಇದ್ದರು. ದಾವುಲೂರಿ ವೆಂಕಟೇಶ್ವರ್ಲು ಅವರ ಅಧ್ಯಯನಗಳು ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿನ ಬಾಲದುಡಿಮೆಯನ್ನು ಜಗತ್ತಿನ ಮುಂದಿಟ್ಟ ಮೇಲೆ ಬಹುರಾಷ್ಟ್ರೀಯ ಕಂಪನಿಗಳು ಎಚ್ಚೆತ್ತವು. ಕಂಪನಿ ನೇರವಾಗಿ ಕೂಲಿ ಕೊಡುವುದಿಲ್ಲ, ನಡುವೆ ಆರ್ಗನೈಸರ್ ಇರುತ್ತಾನೆ. ಇದೂ ಸ್ಥಳೀಯಕ್ಕೆ ಒಗ್ಗಿಕೊಂಡ ರೀತಿಯೇ. ಲಾಭ ತರುವ ಪದ್ಧತಿಯನ್ನು ಇದ್ದ ಹಾಗೇ ಒಪ್ಪಿಕೊಂಡರು, ಹೊಣೆಯನ್ನು ಮಧ್ಯದವನ ಹೆಗಲಿಗೆ ಬಿಟ್ಟರು.

ನನ್ನ ಮುಖ್ಯ ತಕರಾರು ಇಲ್ಲಿಯೇ. ಭಾಷೆ, ಗೋಡೆ, ಉದ್ರಿ ಎಲ್ಲವೂ ಸ್ಥಳೀಯವಾದವು, ಬೀಜ ಮಾತ್ರ ಆಗಲಿಲ್ಲ. ಹಾನಗಲ್ಲಿನ ಪಡುವಣ ಅಂಚು ಮಲೆನಾಡಿಗೆ ತಾಗಿದ್ದು, ಅಲ್ಲಿ ಭತ್ತ ಬೆಳೆಯುತ್ತದೆ. ಮೂಡಣಕ್ಕೆ ಸವಣೂರಿಗೆ ಬಂದರೆ ಮಳೆ ಇಳಿಯುತ್ತದೆ, ನೆಲ ಎರೆಯಾಗುತ್ತದೆ. ಇಷ್ಟು ಸಣ್ಣ ಹರವಿನಲ್ಲಿ ಇಷ್ಟು ಬದಲಾಗುವ ಸೀಮೆಗೆ ಒಂದೇ ಪೊಟ್ಟಣ ಬಂತು. ಅಮೆರಿಕ, ಚೀನಾಗಳಲ್ಲಿ ಬಿಟಿ ಗುಣವನ್ನು ಹೆಚ್ಚಾಗಿ ತಳಿಗಳಲ್ಲೇ ಸೇರಿಸಿದರು. ಇಂಡಿಯಾದಲ್ಲಿ ಹೈಬ್ರಿಡ್ಡಿಗೇ ಕಟ್ಟಿಹಾಕಿದರು. ಹೈಬ್ರಿಡ್ ಆದರೆ ರೈತ ಪ್ರತಿ ವರ್ಷ ಅಂಗಡಿಗೆ ಬರಲೇಬೇಕು. ಬೀಜ ಕಾದಿಟ್ಟು ಬಿತ್ತಬಹುದಾದ ಬಿಟಿ ತಳಿಯ ಪ್ರಯತ್ನ ನಮ್ಮಲ್ಲೂ ನಡೆಯದೆ ಇರಲಿಲ್ಲ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿ ರೂಪಿಸಿದ ಬಿಕಾನೇರಿ ನರ್ಮಾ ಬಿಟಿ 2009ರಲ್ಲಿ ಹೊರಬಂತು. ಅದರಲ್ಲಿ ಮಾನ್ಸಾಂಟೊದ ವಂಶವಾಹಿ ಇರುವುದು ಗೊತ್ತಾಗಿ ಹಿಂದೆಗೆದುಕೊಳ್ಳಬೇಕಾಯಿತು. ನಮ್ಮ ವಿಜ್ಞಾನಿಗಳು ಅಲ್ಲಿ ಎಡವಿದ್ದರಿಂದ ಕಂಪನಿಗಳಿಗೆ ಎದುರಾಳಿಯೇ ಇಲ್ಲದಂತಾಯಿತು.

ಗುಲಾಬಿ ಕಾಯಿಕೊರಕ ಮೊದಲ ಬಗೆಯ ಬಿಟಿಗೆ ಬಗ್ಗುತ್ತಿಲ್ಲ ಎಂದು ಗುಜರಾತಿನ ನಾಲ್ಕು ಜಿಲ್ಲೆಗಳ ವಿಚಾರವಾಗಿ ಮಾನ್ಸಾಂಟೊ 2010ರಲ್ಲಿ ಒಪ್ಪಿಕೊಂಡಿತು. ರೈತರು ಸಣ್ಣ ಪೊಟ್ಟಣ ಬಿತ್ತಲಿಲ್ಲ ಎಂಬುದೂ ಅದು ಕೊಟ್ಟ ಕಾರಣಗಳಲ್ಲಿ ಒಂದು. ಬಿತ್ತುವುದಿಲ್ಲವೆಂದು ಮೊದಲ ವರ್ಷವೇ ಯಾವ ಅಂಗಡಿಯವನನ್ನು ಕೇಳಿದ್ದರೂ ಹೇಳುತ್ತಿದ್ದ. ಬಿಟಿ ಅಲ್ಲದ ಬೀಜವನ್ನು ಅದೇ ಪೊಟ್ಟಣದಲ್ಲಿ ಬೆರೆಸಿ 475 ಗ್ರಾಂ ಮಾಡಿ ಕೊಡುವ ಸರಳ ದಾರಿ ಜಾರಿಗೆ ಬರಲು 2020ರ ಆಸುಪಾಸಿನವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಎರಡನೆಯ ಬಗೆಯ ಬಿಟಿಗೂ ಹುಳು ಒಗ್ಗಿಕೊಂಡಿತ್ತು.

ಕನಕದ ಕಥೆಯೂ ಹೀಗೇ ಮುಗಿಯಿತು. ಬೀಜದ ಕೃತಕ ಅಭಾವದ ಆರೋಪದ ಮೇಲೆ 2012ರಲ್ಲಿ ರಾಜ್ಯ ಸರ್ಕಾರ ಮಹಿಕೋ ಹತ್ತಿಬೀಜದ ಮಾರಾಟ ತಡೆಯಿತು. ಬೆಳೆ ಕೈಕೊಟ್ಟ ಮೇಲೆ 2014ರಲ್ಲಿ ಮತ್ತೆ ನಿಷೇಧಿಸಿತು. ನಿಷೇಧ ಹೇರಿದ್ದರಿಂದ ಕಳೆದ ಬೆಳೆ ಬರುವುದಿಲ್ಲ. ಬೀಜ ಹುಸಿಯಾದ ರೈತನೂ ಗ್ರಾಹಕನೇ, ಗ್ರಾಹಕ ವೇದಿಕೆಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿ ಹೇಳಿತು. ಬಿತ್ತುವ ರೈತ ತಪಾಸಣೆಗೆಂದು ಬೀಜ ಎತ್ತಿಟ್ಟಿರಬೇಕೆಂದು ಬಯಸುವುದು ಸಲ್ಲದು ಎಂಬ ಮಾತೂ ಆ ತೀರ್ಪಿನಲ್ಲಿದೆ. ಆದರೆ ಹಿರೇಕೆರೂರಿನವನು ಆ ವೇದಿಕೆಗಾಗಿ ಹಾವೇರಿಗೆ ಅಲೆಯಬೇಕು. ಅವನ ಕೈಯಲ್ಲಿ ಅಂಗಡಿಯ ರಸೀದಿ ಇರಬೇಕು. ಉದ್ರಿಯಲ್ಲಿ ತಂದವನಿಗೆ ರಸೀದಿ ಸಿಕ್ಕಿರುತ್ತದೆಯೇ?

ಈಗ ಇಲ್ಲಿ ಗೋವಿನಜೋಳದ ಕಾಲ. ಹತ್ತಿ ಬಿಡಿಸಲು ಆಳು ಸಿಗದೆ, ಎಣ್ಣೆಯ ಖರ್ಚು ತಾಳದೆ ರೈತರು ತಾವಾಗಿಯೇ ಆ ಕಡೆ ಹೊರಳಿದರು. ಶಿಗ್ಗಾಂವಿಯ ಹುಲಸೋಗಿಯಲ್ಲಿ ಗುಜರಾತ್ ಮೂಲದ ಕಂಪನಿಯ ಗೋವಿನಜೋಳದ ಪಿಷ್ಟದ ಕಾರ್ಖಾನೆ ಇದೆ. 1992ರ ಡಿಸೆಂಬರಿನಲ್ಲಿ ರೈತ ಸಂಘ ಬೆಂಗಳೂರಿನಲ್ಲಿ ನುಗ್ಗಿ ಕಾಗದಪತ್ರ ಸುಟ್ಟದ್ದು ಅಮೆರಿಕದ ಕಾರ್ಗಿಲ್ ಕಂಪನಿಯ ಕಚೇರಿಯಲ್ಲಿ. ಅದೇ ಕಾರ್ಗಿಲ್ ಈಗ ದಾವಣಗೆರೆಯಲ್ಲಿ ಗೋವಿನಜೋಳ ಅರೆಯುತ್ತಿದೆ. ಅಂಗಡಿಯ ಗೋಡೆಯ ಮೇಲೆ ಹತ್ತಿಯ ಚಿತ್ರವಿದ್ದಲ್ಲಿ ತೆನೆಯ ಚಿತ್ರ ಬಂದಿದೆ, ಬೀಜ ಹೈಬ್ರಿಡ್ಡೇ, ಖಾತೆಯೂ ಹಳೆಯದೇ. ಯಾವ ಮಣ್ಣಿನಲ್ಲಿ, ಎಷ್ಟು ಮಳೆಗೆ, ಯಾವ ತಾಲ್ಲೂಕಿನಲ್ಲಿ ಪರೀಕ್ಷಿಸಿದ ಬೀಜ ಇದು ಎಂದು ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿಸಲು ಕೃಷಿ ಇಲಾಖೆಗೆ ಹೊಸ ಕಾಯ್ದೆಯೇ ಬರಬೇಕೆಂದೇನಿಲ್ಲ, ಮುಂಗಾರಿಗೆ ಮುಂಚೆ ಒಂದು ಸುತ್ತೋಲೆ ಹೊರಡಿಸುವ ಮನಸ್ಸಿದ್ದರೆ ಆರಂಭಕ್ಕೆ ಸಾಕು.