ಕಲಿಸೋ ಖರ್ಚು ಯಾರದ್ದು?

ಮೈಸೂರಿನಲ್ಲಿ ಪ್ರವಾಸೋದ್ಯಮದ ಬಗ್ಗೆ ಮಾತು ಶುರುವಾದರೆ ಹೋಟೆಲಿನವರ ಕಡೆಯಿಂದ ಒಂದು ಡೈಲಾಗ್ ಗ್ಯಾರಂಟಿ: ‘ಹುಡುಗರಿಗೆ ಡಿಗ್ರಿ ಇದೆ, ಸ್ಕಿಲ್ ಇಲ್ಲ.’ ಮೇಷ್ಟ್ರುಗಳು ತಲೆಯಾಡಿಸ್ತಾರೆ, ಸಿಲಬಸ್ಸಿಗೆ ಇನ್ನೊಂದು ಪೇಪರ್ ಸೇರುತ್ತೆ. ಈ ದೂರು ಅರ್ಧ ನಿಜ. ಉಳಿದರ್ಧದ ಬಗ್ಗೆ ಯಾರೂ ಬಾಯಿ ಬಿಡಲ್ಲ ಅನ್ನೋದೇ ನನ್ನ ತಕರಾರು.

ಮೊದಲು ನಿಜದ ಅರ್ಧ. ನನ್ನ ಚಿಕ್ಕಪ್ಪನ ಮಗಳು ಟೂರಿಸಮ್‌ನಲ್ಲೇ ಡಿಗ್ರಿ ಮಾಡಿದವಳು. ಒಂದು ಭಾನುವಾರ ಅವಳ ಜೊತೆ ಸೋಮನಾಥಪುರಕ್ಕೆ ಹೋಗಿದ್ದೆ. ಹದಿಮೂರನೇ ಶತಮಾನದ ದೇವಸ್ಥಾನ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿ ಸೇರಿದೆ. ಸುಸ್ಥಿರ ಪ್ರವಾಸೋದ್ಯಮ ಅಂದ್ರೇನು ಅಂತ ಕೇಳಿ, ಹತ್ತು ಅಂಕದ ಉತ್ತರ ಅವಳ ನಾಲಿಗೆ ತುದಿಯಲ್ಲಿದೆ. ಆದರೆ ಹೊರಗೋಡೆಯ ಹಲವು ವಿಗ್ರಹಗಳ ಕೆಳಗೆ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರು ಕೆತ್ತಿದ್ದಾನೆ ಅಂತ ನಮಗಿಬ್ಬರಿಗೂ ತೋರಿಸಿದ್ದು ಅಲ್ಲಿದ್ದ ವಯಸ್ಸಾದ ಗೈಡ್. ಏಳೂವರೆ ಶತಮಾನದ ಹಿಂದಿನ ಸಹಿ ಕಣ್ರೀ! ಪಕ್ಕದಲ್ಲಿ ಬೋರಾಗಿ ನಿಂತಿದ್ದ ಸ್ಕೂಲ್ ಮಕ್ಕಳು ಬಗ್ಗಿ ಬಗ್ಗಿ ಹೆಸರು ಹುಡುಕೋಕೆ ಶುರುಮಾಡಿದ್ರು. ಇವಳನ್ನೂ ಕಾಲೇಜಿನವರು ಒಂದ್ಸಲ ಅಲ್ಲಿಗೆ ಕರ್ಕೊಂಡು ಹೋಗಿದ್ರಂತೆ. ಗ್ರೂಪ್ ಫೋಟೊ, ಪುಳಿಯೋಗರೆ, ವಾಪಸ್ ಬಂದು ರಿಪೋರ್ಟ್. ‘ಇಲ್ಲಿ ನಿಂತು ಹತ್ತು ಜನಕ್ಕೆ ವಿವರಿಸು’ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ಆರ್.ಕೆ. ನಾರಾಯಣ್ ಅವರ ‘ದಿ ಗೈಡ್’ ಕಾದಂಬರಿಯ ರಾಜು ಈ ಕೆಲಸ ಕಲಿತದ್ದು ರೈಲ್ವೆ ಸ್ಟೇಷನ್ನಿನ ಅಂಗಡಿಯಲ್ಲಿ, ಪ್ರಯಾಣಿಕರ ಪ್ರಶ್ನೆಗೆ ಉತ್ತರ ಕೊಡ್ತಾ ಕೊಡ್ತಾ. (ಗೊತ್ತಿಲ್ಲದ್ದಕ್ಕೂ ಕೊಡ್ತಿದ್ದ, ಅದು ಬೇರೆ ಮಾತು.) ಜನರ ಎದುರು ನಿಲ್ಲದೆ ಇದು ಬರಲ್ಲ.

ಉಳಿದರ್ಧಕ್ಕೆ ಇದೇ ಮೈಸೂರಿನ ಹೆಬ್ಬಾಳಕ್ಕೆ ಬನ್ನಿ. ಅಲ್ಲಿ 300ಕ್ಕೂ ಹೆಚ್ಚು ಎಕರೆಯಲ್ಲಿ ಇನ್ಫೋಸಿಸ್‌ನ ಟ್ರೈನಿಂಗ್ ಕ್ಯಾಂಪಸ್ ಇದೆ. ಬಿಇ ಮುಗಿಸಿದವರಿಗೆ ಕೆಲಸ ಬರಲ್ಲ ಅನ್ನೋದು ಐಟಿಯವರಿಗೂ ಗೊತ್ತು. ಸುಮ್ಮನೆ ಕಾಲೇಜನ್ನ ಬೈಕೊಂಡು ಕೂರಲಿಲ್ಲ. ಮೆಕ್ಯಾನಿಕಲ್, ಸಿವಿಲ್ ಓದಿದವರನ್ನೂ ತಗೊಂಡು, ದುಡ್ಡು ಕೊಟ್ಟು, ತಿಂಗಳುಗಟ್ಟಲೆ ಕೋಡಿಂಗ್ ಕಲಿಸಿದ್ರು. ಪುಣ್ಯಕ್ಕೇನೂ ಅಲ್ಲ. ಟೆಸ್ಟ್ ಪಾಸಾಗದ ನೂರಾರು ಟ್ರೈನಿಗಳನ್ನ ಅಲ್ಲಿಂದ ಕಳಿಸಿದ್ದು 2025ರ ಫೆಬ್ರವರಿಯಲ್ಲಿ ದೊಡ್ಡ ಸುದ್ದಿಯಾಯ್ತು. ಆದರೂ ಕಲಿಸೋ ಖರ್ಚು ತಮ್ಮದು ಅಂತ ಒಪ್ಪಿಕೊಂಡಿದ್ದಾರಲ್ಲ.

ನಮ್ಮ ಹುಡುಗಿ ಇಂಟರ್ನ್‌ಶಿಪ್ ಮಾಡಿದ ಹೋಟೆಲಿನಲ್ಲಿ ಆಗಿದ್ದೇ ಬೇರೆ. ದಸರಾ ಸೀಸನ್, ರೂಮುಗಳೆಲ್ಲ ಫುಲ್, ರೇಟು ಆಕಾಶಕ್ಕೆ. ಇವಳಿಗೆ ಕೊಟ್ಟ ಕೆಲಸ ಬಾಗಿಲಲ್ಲಿ ನಿಂತು ಕುಂಕುಮ ಇಟ್ಟು ಶರಬತ್ತು ಕೊಡೋದು. ಬುಕಿಂಗ್ ಸಾಫ್ಟ್‌ವೇರ್ ಮುಟ್ಟೋಕೆ ಬಿಡಲಿಲ್ಲ. ಕೊನೆಗೆ ಒಂದು ಸರ್ಟಿಫಿಕೇಟ್. ಅದೇ ಹೋಟೆಲ್ ಮುಂದೆ ಇಂಟರ್ವ್ಯೂನಲ್ಲಿ ಕೇಳಿದ ಮೊದಲ ಪ್ರಶ್ನೆ: ‘ಬುಕಿಂಗ್ ಸಾಫ್ಟ್‌ವೇರ್ ಬರುತ್ತಾ?’ ಇಂಗ್ಲಿಷ್, ಹಿಂದಿ, ನೈಟ್ ಶಿಫ್ಟು ಎಲ್ಲ ಬೇಕು. ಸಂಬಳ ಮಾತ್ರ ಪಿಜಿ ಬಾಡಿಗೆ, ಬಸ್ ಪಾಸಿಗೆ ಸರಿಹೋಗುತ್ತೆ.

ದಾರಿ ಇಲ್ಲ ಅಂತಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಸ್ಟೈಪೆಂಡಿನ ಒಂದು ಪಾಲನ್ನ ಸರ್ಕಾರವೇ ಭರಿಸೋ ಕೇಂದ್ರದ ಸ್ಕೀಮು 2016ರಲ್ಲೇ ಬಂದಿದೆ. ಕಾಲೇಜು ಕೊನೆಯ ಒಂದು ಸೆಮಿಸ್ಟರನ್ನ ಪೂರ್ತಿ ಬಿಟ್ಟುಕೊಡಲಿ. ಹೋಟೆಲು, ಟ್ರಾವೆಲ್ಸಿನವರು ಆ ಆರು ತಿಂಗಳು ಸ್ಟೈಪೆಂಡ್ ಕೊಟ್ಟು ಫ್ರಂಟ್ ಆಫೀಸಿನಲ್ಲಿ ಕೂರಿಸಲಿ, ಅರಮನೆಗೆ ಹೋಗೋ ಗುಂಪಿನ ಜೊತೆ ಕಳಿಸಲಿ. ಆಮೇಲೂ ಬರಲಿಲ್ಲ ಅಂದ್ರೆ ಆಗ ಬೈಯಲಿ, ನಾನೂ ಸೇರ್ಕೋತೀನಿ.

ಅಂದಹಾಗೆ, ಅವಳೀಗ ಬೆಂಗಳೂರಿನ ಒಂದು ಕಂಪನಿಯ ಕಸ್ಟಮರ್ ಸಪೋರ್ಟ್‌ನಲ್ಲಿದ್ದಾಳೆ. ಆರು ವಾರ ಸಂಬಳ ಕೊಟ್ಟು ಟ್ರೈನಿಂಗ್ ಮಾಡಿದ್ರು. ಅಪರಿಚಿತರ ಜೊತೆ ಚೆನ್ನಾಗಿ ಮಾತಾಡ್ತಾಳೆ ಅಂತ ತಗೊಂಡ್ರಂತೆ.