ಮಟ್ಟವಾದದ್ದೆಲ್ಲ ಗಟ್ಟಿಯಲ್ಲ

ಸೇಲಂ ಸೀಮೆಯಲ್ಲಿರುವ ನಮ್ಮ ದೊಡ್ಡಮ್ಮನ ಅಡುಗೆಮನೆಗೆ ಟೈಲ್ಸ್ ಹಾಕಿಸಿ ಮೂರು ವರ್ಷವಾಗಿತ್ತು. ಮೊದಲು ಒಂದು ಟೈಲ್‌ನ ಮೂಲೆ ಬಿರಿಯಿತು. ಆಮೇಲೆ ಬಿರುಕು ಪಕ್ಕದ್ದಕ್ಕೂ ಹಾಯ್ದು, ದಾರ ಹಿಡಿದಂತೆ ನೇರ ಹೋಗಿ, ಒಂದು ಕಡೆ ಮೂಲೆಮಟ್ಟ ಇಟ್ಟಷ್ಟು ಸರಿಯಾಗಿ ತಿರುಗಿತು. ದೊಡ್ಡಮ್ಮ ಕಾಲಿನ ಹೆಬ್ಬೆರಳಲ್ಲಿ ಆ ಗೆರೆಯನ್ನು ತೋರಿಸಿ, "ನೋಡಪ್ಪ, ನಿಮ್ಮ ದೊಡ್ಡಪ್ಪನ ಮಗ್ಗದ ಗುಣಿ ಇದೇ ಅಳತೆ" ಅಂದರು. ದೊಡ್ಡಪ್ಪ ಬದುಕಿಡೀ ಕಾಲು ಇಳಿಬಿಟ್ಟು ಕೂತಿದ್ದ ಗುಣಿ, ಮುಚ್ಚಿದ ಮೇಲೂ ತನ್ನ ಗಡಿಯನ್ನು ಮೇಲೆ ಬರೆದಿತ್ತು.

ಕನ್ನಡ ಮನೆಮಾತಿನ ದೇವಾಂಗ ಕುಟುಂಬಗಳು ಸೇಲಂ ಜಿಲ್ಲೆಯಲ್ಲಿ ತಲೆಮಾರುಗಳಿಂದ ನೇಯ್ಗೆ ಮಾಡಿಕೊಂಡು ಬಂದಿವೆ. ಗುಣಿಮಗ್ಗವೆಂದರೆ ನೆಲವನ್ನು ಎರಡು ಮೂರು ಅಡಿ ತೋಡಿ, ಕಾಲಲ್ಲಿ ತುಳಿಯುವ ಹಲಗೆಗಳನ್ನು ಅದರೊಳಗಿಟ್ಟು, ನೆಲದ ಅಂಚಲ್ಲೇ ಕೂತು ನೇಯುವ ಮಗ್ಗ. ಗುಣಿಯ ತಂಪು ನೂಲು ಹರಿಯದಂತೆ ಕಾಯುತ್ತಿತ್ತು. ಪವರ್‌ಲೂಮ್ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಗುಣಿ ಮುಚ್ಚಿತು. ದೊಡ್ಡಮ್ಮನ ಮನೆಯಲ್ಲಿ ಮಗ್ಗದ ಹಜಾರದ ಅರ್ಧ ಅಡುಗೆಮನೆಗೆ ಸೇರಿತು. ಇಂಥ ನೆಲದ ಮೇಲೆ ಟೈಲ್ಸ್ ಹಾಕುವ ಈಗಿನ ಪದ್ಧತಿಗೆ ಬೆಲೆ ಕಟ್ಟಬೇಕಾದರೆ ಮೇಲಿನ ಹೊಳಪನ್ನು ಬಿಟ್ಟು ಕೆಳಗಿನ ಮಣ್ಣಿನಿಂದ ಶುರುಮಾಡಬೇಕು.

ನನ್ನ ಆಕ್ಷೇಪ ಒಂದೇ. ನೆಲ ಎಷ್ಟು ಏರುಪೇರಾಗಿದೆ ಎಂದು ಅಳೆಯುತ್ತಾರೆ, ಯಾಕೆ ಏರುಪೇರಾಗಿದೆ ಎಂದು ಕೇಳುವುದಿಲ್ಲ.

ಏರುಪೇರಿಗೆ ಕಾರಣ ಮುಖ್ಯವಾಗಿ ಮೂರು. ಒಂದು ವಾಟ: ಹಳೆಯ ಅಡುಗೆಮನೆಯ ನೆಲ ಬಚ್ಚಲಿನ ಕಡೆಗೆ ಇಳಿದಿರುತ್ತದೆ, ತೊಳೆದ ನೀರು ತಾನಾಗಿ ಹೋಗಲಿ ಎಂದು. ಕಟ್ಟಿದವರು ಲೆಕ್ಕ ಹಾಕಿಯೇ ಕೊಟ್ಟದ್ದು ಅದು. ಎರಡು ಸವೆತ: ಒಲೆಯ ಮುಂದೆ, ಒರಳಿನ ಸುತ್ತ, ದಿನಾ ಕಾಲು ಬೀಳುವ ಕಡೆ ಗಾರೆ ತೆಳುವಾಗಿರುತ್ತದೆ. ಮೂರು ಕುಸಿತ: ಮುಚ್ಚಿದ ಗುಣಿ, ಒರಳು ಕಿತ್ತ ಹಳ್ಳ, ಹೆಗ್ಗಣದ ಬಿಲ, ಒಡೆದ ಪೈಪಿನ ಪಕ್ಕ ಕೊಚ್ಚಿಹೋದ ಮಣ್ಣು. ವಾಟವನ್ನು ಉಳಿಸಿಕೊಳ್ಳಬೇಕು, ಸವೆತವನ್ನು ತುಂಬಬೇಕು, ಕುಸಿತವನ್ನು ಅಗೆಯಬೇಕು. ಮೂರಕ್ಕೂ ಒಂದೇ ಔಷಧಿ ಹಚ್ಚುವುದರಲ್ಲೇ ಈಗಿನ ಪದ್ಧತಿಯ ಸೋಲಿದೆ.

ಹೆಚ್ಚಾಗಿ ನಡೆಯುವುದು ಗಾರೆಯ ಹಾಸು. ಹಳೆಯ ನೆಲಕ್ಕೆ ಅಲ್ಲಲ್ಲಿ ಕಚ್ಚು ಹೊಡೆದು, ಸಿಮೆಂಟ್ ಮತ್ತು ಎಂ-ಸ್ಯಾಂಡ್ ಕಲಸಿ ಹರಡಿ, ಮೇಲೆ ಸಿಮೆಂಟ್ ಹಾಲು ಸುರಿದು, ಟೈಲ್ ಇಟ್ಟು ರಬ್ಬರ್ ಸುತ್ತಿಗೆಯಲ್ಲಿ ತಟ್ಟುತ್ತಾರೆ. ಇದರ ಗುಣವನ್ನು ಒಪ್ಪಲೇಬೇಕು: ಒಂದು ಅಂಗುಲದ ಏರುಪೇರನ್ನು ಇದು ಸುಲಭವಾಗಿ ನುಂಗುತ್ತದೆ, ವಾಟವನ್ನು ಬೇಕಾದಂತೆ ಕೊಡಬಹುದು, ನಮ್ಮ ಕಡೆಯ ಮೇಸ್ತ್ರಿಗಳ ಕೈಗೆ ಚೆನ್ನಾಗಿ ಪಳಗಿದೆ. ಆದರೆ ಹಳ್ಳವಿದ್ದಲ್ಲಿ ಮೂರಂಗುಲ, ದಿಬ್ಬವಿದ್ದಲ್ಲಿ ಅರ್ಧ ಅಂಗುಲ ಗಾರೆ ಬಿದ್ದರೆ ಎರಡೂ ಒಂದೇ ರೀತಿ ಒಣಗುವುದಿಲ್ಲ. ದಪ್ಪ ಕಡೆ ಹೆಚ್ಚು ಕುಗ್ಗಿ ಟೈಲ್‌ನ ಬೆನ್ನು ಬಿಡುತ್ತದೆ. ಹಳ್ಳಗಳನ್ನು ಮುಂಚೆಯೇ ತುಂಬಿ, ಗಟ್ಟಿಯಾಗಲು ಬಿಟ್ಟು, ಆಮೇಲೆ ಒಂದೇ ದಪ್ಪದ ಹಾಸು ಹಾಕಿದರೆ ಈ ತೊಂದರೆ ಇಲ್ಲ. ಅದಕ್ಕೆ ಬೇಕಾದ ಎರಡು ಮೂರು ದಿನವನ್ನು ಕೊಡುವವರು ಕಡಿಮೆ. ಇನ್ನೊಂದು ಮಾತು: ಹಳೆಯ ಸೆರಾಮಿಕ್ ಟೈಲ್ ನೀರು ಹೀರುತ್ತಿತ್ತು, ಸಿಮೆಂಟ್ ಹಾಲಿಗೆ ಕಚ್ಚಿಕೊಳ್ಳುತ್ತಿತ್ತು. ಈಗಿನ ವಿಟ್ರಿಫೈಡ್ ಟೈಲ್ ತನ್ನ ತೂಕದ ಶೇಕಡಾ ಅರ್ಧದಷ್ಟೂ ನೀರು ಹೀರುವುದಿಲ್ಲ. ಟೈಲ್ ಬದಲಾಗಿದೆ, ಕೈಯ ಅಭ್ಯಾಸ ಬದಲಾಗಿಲ್ಲ. ಟೈಲ್ಸ್ ಅಂಟಿಗೆಂದೇ ಐಎಸ್ 15477 ಎಂಬ ಭಾರತೀಯ ಮಾನದಂಡ 2004ರಲ್ಲೇ ಬಂದು 2019ರಲ್ಲಿ ಪರಿಷ್ಕರಣೆಯಾಗಿದ್ದರೂ, ಎಷ್ಟೋ ಕೆಲಸಗಳಲ್ಲಿ ಅಂಟಿನ ಚೀಲ ಕಾಣುವುದು ಗೋಡೆಗೆ ಮಾತ್ರ.

ಎರಡನೆಯದು ಹಳೆಯ ನೆಲದ ಮೇಲೆಯೇ ಅಂಟು ಹಚ್ಚಿ ಕೂರಿಸುವುದು. ಒಡೆಯುವ ಧೂಳಿಲ್ಲ, ಒಲೆ ಎರಡು ಮೂರು ದಿನದಲ್ಲಿ ಮತ್ತೆ ಹೊತ್ತುತ್ತದೆ. ನೆಲ ನಿಜವಾಗಿ ಗಟ್ಟಿಯಿದ್ದರೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಇದರ ಷರತ್ತು ಬಿಗಿ. ಎರಡು ಮೀಟರ್ ಪಟ್ಟಿಯನ್ನು ಇಟ್ಟಾಗ ಅಡಿಯಲ್ಲಿ 3 ಮಿಲಿಮೀಟರ್‌ಗಿಂತ ಹೆಚ್ಚು ಸಂದು ಕಾಣಬಾರದು ಎನ್ನುತ್ತದೆ ಬ್ರಿಟಿಷ್ ಮಾನದಂಡ. ನಮ್ಮ ಹಳೆಯ ರೆಡ್ ಆಕ್ಸೈಡ್ ನೆಲ ಹಾಗಿರುವುದು ಅಪರೂಪ. ಮೇಲಾಗಿ ಅದು ಉಜ್ಜಿ ಉಜ್ಜಿ ನುಣುಪಾದ ನೆಲ, ಒಲೆಯ ಮುಂದೆ ಎಷ್ಟೋ ವರ್ಷದ ಎಣ್ಣೆ ಕುಡಿದ ನೆಲ. ಮೇಲ್ಪದರವನ್ನು ಕೆರೆದು ತೆಗೆಯದೆ ಅಂಟು ಹಚ್ಚಿದರೆ ಅಂಟು ಹಿಡಿಯುವುದು ಎಣ್ಣೆಯನ್ನು, ನೆಲವನ್ನಲ್ಲ. ಏರುಪೇರನ್ನು ತಪ್ಪಿಸಿಕೊಳ್ಳಲು ಟೈಲ್‌ನ ನಾಲ್ಕು ಮೂಲೆಗೂ ನಡುವಿಗೂ ಐದು ಉಂಡೆ ಅಂಟು ಇಟ್ಟು ಒತ್ತುವವರಿದ್ದಾರೆ. ಉಂಡೆಗಳ ನಡುವೆ ಉಳಿಯುವುದು ಗಾಳಿ. ತುಂಬಿದ ಗ್ಯಾಸ್ ಸಿಲಿಂಡರ್ ಹತ್ತಿರ ಹತ್ತಿರ 30 ಕಿಲೋ ತೂಗುತ್ತದೆ. ಅದನ್ನು ಓರೆಮಾಡಿ ಅಂಚಿನ ಮೇಲೆ ಉರುಳಿಸಿ ತರುವಾಗ ಅಷ್ಟೂ ಭಾರ ಬೆರಳಗಲ ಜಾಗದಲ್ಲಿ ಬೀಳುತ್ತದೆ. ಕೆಳಗೆ ಟೊಳ್ಳಿದ್ದರೆ ಟೈಲ್ ಒಡೆಯದೆ ಇನ್ನೇನು ಮಾಡೀತು? ಇನ್ನೊಂದು ತೊಂದರೆ, ನೆಲ ಒಂದು ಬೆರಳಷ್ಟು ಏರಿ ಹೊಸ್ತಿಲಿನ ಮಟ್ಟಕ್ಕೆ ಬಂದರೆ, ಅಡುಗೆಮನೆ ತೊಳೆದ ನೀರು ನಡುಮನೆಗೆ ಹರಿಯುತ್ತದೆ.

ಮೂರನೆಯದು ನೀರಿನಂತೆ ಸುರಿದರೆ ತಾನೇ ಸಮವಾಗಿ ನಿಲ್ಲುವ ಹೊಸ ಮಿಶ್ರಣ. ಹಜಾರಕ್ಕೆ ಒಳ್ಳೆಯದು. ತೊಳೆಯುವ ಅಡುಗೆಮನೆಗೆ ನಾನು ಒಪ್ಪಲಾರೆ. ತಾನೇ ಸಮವಾಗುವುದು ಅದರ ಗುಣ, ವಾಟವನ್ನು ಅಳಿಸುವುದೂ ಅದೇ ಗುಣ.

ಮೂರೂ ಪದ್ಧತಿಗಳು ಮರೆಯುವುದು ಕೆಳಗಿನ ತೇವವನ್ನು. ಸುಣ್ಣದ ಗಾರೆಯ ನೆಲ ಉಸಿರಾಡುತ್ತಿತ್ತು, ಮಣ್ಣಿನ ತೇವ ಅದರ ಮೂಲಕ ಮೇಲೆ ಬಂದು ಒಣಗುತ್ತಿತ್ತು. ವಿಟ್ರಿಫೈಡ್ ಟೈಲ್ ಆ ದಾರಿಯನ್ನು ಮುಚ್ಚುತ್ತದೆ. ತೇವ ಸಂದುಗಳಲ್ಲಿ ಬಿಳಿ ಉಪ್ಪಾಗಿ ಏಳುತ್ತದೆ, ಇಲ್ಲವೆ ಗೋಡೆ ಹತ್ತಿ ಬುಡದ ಗಿಲಾವನ್ನು ಉಬ್ಬಿಸುತ್ತದೆ. 1965ರವರೆಗೆ ಸೇಲಂ ಜಿಲ್ಲೆಯದೇ ಭಾಗವಾಗಿದ್ದ ಧರ್ಮಪುರಿ ಕಡೆ, ಕಲ್ಲುಚಪ್ಪಡಿ ಹಾಸಿದ ಹಳೆಯ ಮನೆಗಳಲ್ಲಿ ತೇವದ ಜೊತೆಗೆ ಅಲುಗಾಟವನ್ನೂ ಪರೀಕ್ಷಿಸಬೇಕು: ಪ್ರತಿ ಚಪ್ಪಡಿಯ ಮೂಲೆಯ ಮೇಲೂ ನಿಂತು ನೋಡಬೇಕು. ಕೂದಲೆಳೆಯಷ್ಟು ಅಲುಗಿದರೂ ಅದನ್ನು ಎತ್ತಿ ಮತ್ತೆ ಕೂರಿಸದೆ ಮೇಲೆ ಏನನ್ನೂ ಹಾಕಬಾರದು.

ದೊಡ್ಡಮ್ಮನ ಮನೆಯ ನೆಲವನ್ನು ಕೊನೆಗೆ ಅಗೆಸಿದೆವು. ಗುಣಿಯೊಳಗೆ ಸಿಕ್ಕಿದ್ದು ಒಡೆದ ಹೆಂಚು, ಇಟ್ಟಿಗೆ ಚೂರು, ಖಾಲಿ ಸಿಮೆಂಟ್ ಚೀಲ, ನಡುನಡುವೆ ಕೈ ಹೋಗುವಷ್ಟು ಟೊಳ್ಳು. ಎಲ್ಲವನ್ನೂ ಎತ್ತಿ, ಗರಸು ಮಣ್ಣನ್ನು ಅರ್ಧರ್ಧ ಅಡಿಯ ಪದರವಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಬಿಟ್ಟು ದಿಮ್ಮಿಸು ಹೊಡೆಸಿದೆವು. ಮೇಲಿನ ಕಾಂಕ್ರೀಟನ್ನು ಗುಣಿಯ ಬಾಯಿಗಷ್ಟೇ ನಿಲ್ಲಿಸದೆ ಸುತ್ತಲೂ ಒಂದಡಿ ಆಚೆಯ ಹಳೆಯ ಗಟ್ಟಿ ನೆಲದ ಮೇಲೆ ಕೂರುವಂತೆ ಹಾಕಿ, ಒಂದು ವಾರ ನೀರು ಕಟ್ಟಿದೆವು. ಸಿದ್ಧತೆಗೆ ಹನ್ನೊಂದು ದಿನ ಹಿಡಿಯಿತು, ಟೈಲ್ಸ್ ಕೂರಿಸಿದ್ದು ಎರಡೇ ದಿನ.

ಮೊದಲ ಸಲ ಕೆಲಸ ಮಾಡಿದ ಮೇಸ್ತ್ರಿಯನ್ನು ನಾನು ದೂರುವುದಿಲ್ಲ. ಅವರ ಕೂಲಿ ಟೈಲ್ಸ್‌ನ ಚದರಡಿ ಲೆಕ್ಕದಲ್ಲಿತ್ತು. ಮುಚ್ಚಿದಷ್ಟಕ್ಕೆ ದುಡ್ಡು, ಅಗೆದದ್ದಕ್ಕೆ ದುಡ್ಡಿಲ್ಲ. "ಸರಿಯಾಯಿಡುಂ ಅಮ್ಮಾ" (ಸರಿಹೋಗುತ್ತದೆ ಅಮ್ಮ) ಎಂದು ಅವರು ಹೇಳಿದ್ದು ಆ ಲೆಕ್ಕಕ್ಕೆ ತಕ್ಕ ಮಾತು. ಹಾಗಾಗಿ ತಿದ್ದಬೇಕಾದದ್ದು ಮೊದಲು ಎಸ್ಟಿಮೇಟಿನ ಚೀಟಿಯನ್ನು. ನೆಲದ ಸಿದ್ಧತೆಗೆ ಬೇರೆ ಸಾಲು, ಬೇರೆ ದರ ಇರಲಿ. ಅದಕ್ಕೆ ದಿನಗೂಲಿಯೇ ನ್ಯಾಯ, ಯಾಕೆಂದರೆ ಕೆಳಗೆ ಏನಿದೆಯೆಂದು ಅಗೆಯುವವರೆಗೆ ಯಾರೂ ಹೇಳಲಾರರು. ಮನೆಯವರು ಕೋಲಿನಿಂದ ನೆಲವನ್ನೆಲ್ಲ ತಟ್ಟಿ, ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕಿಕೊಡಲಿ. ಆ ಗುರುತುಗಳು ಅಳಿಯುವವರೆಗೆ ಟೈಲ್ಸ್ ಪೆಟ್ಟಿಗೆ ಬಿಚ್ಚುವುದು ಬೇಡ.

ನೆಲದ ವಿಷಯ ಬಲ್ಲವರು ಮನೆಯೊಳಗೇ ಇರುತ್ತಾರೆ. ಮಣ್ಣಿನ ನೆಲವಿದ್ದಾಗ ವಾರಕ್ಕೊಮ್ಮೆ ಸಾರಿಸುತ್ತ, ಎಲ್ಲಿ ಹಳ್ಳ ಬಿತ್ತೋ ಅಲ್ಲಿ ಒಂದು ಹಿಡಿ ಹೆಚ್ಚು ಮಣ್ಣು ಮೆತ್ತುತ್ತ, ಹೆಂಗಸರೇ ನೆಲವನ್ನು ಮಟ್ಟವಾಗಿ ಇಟ್ಟುಕೊಂಡಿದ್ದರು. ನೀರು ಎಲ್ಲಿ ನಿಲ್ಲುತ್ತದೆ, ಯಾವ ಜಾಗ ಮಳೆಗಾಲದಲ್ಲಿ ತಣ್ಣಗಾಗುತ್ತದೆ, ಗುಣಿ ಎಲ್ಲಿತ್ತು ಎಂದು ದೊಡ್ಡಮ್ಮನಿಗೆ ಮೊದಲೇ ಗೊತ್ತಿತ್ತು. ಟೈಲ್ಸ್‌ನ ಬಣ್ಣ ಯಾವುದಿರಲಿ ಎಂದು ಅವರನ್ನು ಕೇಳಿದ್ದೆವು. ನೆಲದ ವಿಷಯ ಕೇಳಿರಲಿಲ್ಲ.