ತೂಗುವ ಯಂತ್ರವನ್ನೇ ತೂಗಿದಾಗ

ವಿಶ್ಲೇಷಣಾ ರಸಾಯನಶಾಸ್ತ್ರದಲ್ಲಿ ಅಣುಗಳನ್ನು ತೂಗುವ ಅಯಾನ್ ಟ್ರ್ಯಾಪ್ ಮಾಸ್ ಸ್ಪೆಕ್ಟ್ರೋಮೀಟರಿನ ಚರಿತ್ರೆ ಒಂದು ಪಾಠ ಕಲಿಸುತ್ತದೆ: ಪುಸ್ತಕದ ಆದರ್ಶದ ಹಟವನ್ನು ಸಡಿಲಿಸಿದಾಗಲೆಲ್ಲ ಈ ಯಂತ್ರ ಸುಧಾರಿಸಿದೆ.

1950ರ ದಶಕದಲ್ಲಿ ಬಾನ್‌ನಲ್ಲಿ ವೋಲ್ಫ್‌ಗಾಂಗ್ ಪೌಲ್ ರೂಪಿಸಿದ ಟ್ರ್ಯಾಪಿನ ರಚನೆ ಸರಳ. ಬಳೆಯಂಥ ಒಂದು ವಿದ್ಯುದ್ವಾರ, ಅದರ ಎರಡೂ ಬದಿಗೆ ಒಂದೊಂದು ಮುಚ್ಚಳ. ರೇಡಿಯೋ ಆವರ್ತನದ ವೋಲ್ಟೇಜ್ ಅಯಾನುಗಳನ್ನು ನಡುವೆ ಹಿಡಿದಿಡುತ್ತದೆ. ವೋಲ್ಟೇಜ್ ಏರಿಸಿದಂತೆ ಮೊದಲು ಹಗುರವಾದವು, ಆಮೇಲೆ ಭಾರವಾದವು ಹೊರಬಿದ್ದು ಡಿಟೆಕ್ಟರ್ ತಲುಪುತ್ತವೆ. ಇದಕ್ಕಾಗಿ 1989ರಲ್ಲಿ ಪೌಲ್ ನೊಬೆಲ್ ಪಡೆದರು. ಟ್ರ್ಯಾಪು ರಸಾಯನಶಾಸ್ತ್ರಜ್ಞರ ಕೈಗೆ ಬಂದದ್ದು 1980ರ ದಶಕದಲ್ಲಿ, ಫಿನಿಗನ್ ಕಂಪನಿಯ ಜಾರ್ಜ್ ಸ್ಟಾಫರ್ಡ್ ತಂಡದ ಕೆಲಸದಿಂದ.

ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅನಿಲ ಎಂದರೆ ವೈರಿ ಎಂದೇ ಎಲ್ಲರ ಎಣಿಕೆ. ಆದರೆ ಈ ತಂಡ ಟ್ರ್ಯಾಪಿನೊಳಕ್ಕೆ ಸುಮಾರು ಒಂದು ಮಿಲಿಟಾರ್ ಒತ್ತಡದಲ್ಲಿ ಹೀಲಿಯಂ ಬಿಟ್ಟಿತು. ಅದಕ್ಕೆ ಡಿಕ್ಕಿ ಹೊಡೆದು ವೇಗ ಕಳೆದುಕೊಂಡ ಅಯಾನುಗಳು ನಡುವಿಗೆ ಸರಿದು ಒಟ್ಟೊಟ್ಟಿಗೆ ಹೊರಟವು; ದಾಖಲೆಯಲ್ಲಿ ಅಗಲವಾಗಿದ್ದ ಶೃಂಗಗಳು (ಪೀಕ್‌ಗಳು) ಚೂಪಾದವು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಲಾಭ ಈ ಯಂತ್ರಕ್ಕೆ ಮತ್ತೆ ಸಿಕ್ಕಿಲ್ಲ.

ಎರಡನೆಯ ಸುಧಾರಣೆ ಆಕಾರದ ತಿದ್ದುಪಡಿ. ಅಯಾನುಗಳು ಹೊರಹೋಗಲು ಮುಚ್ಚಳದಲ್ಲಿ ರಂಧ್ರ ಬೇಕು, ಅದರ ಬಳಿ ವಿದ್ಯುತ್ ಕ್ಷೇತ್ರ ದುರ್ಬಲ. ಅಲ್ಲಿ ಅಯಾನು ತಡವರಿಸುತ್ತದೆ. ಎಷ್ಟು ತಡವರಿಸುತ್ತದೆ ಎಂಬುದು ಅಣುವಿನ ರಚನೆಯ ಮೇಲೂ ನಿಂತಿದೆ. ಹೀಗಾಗಿ ಕೆಲವು ಅಣುಗಳ ದ್ರವ್ಯರಾಶಿ ತಪ್ಪಾಗಿ ಕಾಣುತ್ತಿತ್ತು. ಮುಚ್ಚಳಗಳನ್ನು ಸುಮಾರು ಶೇ. 11ರಷ್ಟು ದೂರ ಸರಿಸಿದಾಗ ದೋಷ ತಗ್ಗಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ಮೆನನ್, ಅನಿಂದ್ಯ ಚಟರ್ಜಿ ಮತ್ತು ಸಂಗಡಿಗರು ಇಂಥ ಸೊಟ್ಟ ಕ್ಷೇತ್ರಗಳಲ್ಲಿ ಅಯಾನಿನ ಚಲನೆಯನ್ನು ಗಣಿತದಿಂದ ಬಿಡಿಸಿದ್ದಾರೆ. ಕೈಚಳಕದಿಂದ ಸಿಕ್ಕ ಪರಿಹಾರಕ್ಕೆ ಕಾರಣ ಒದಗಿಸುವ ಇಂಥ ಕೆಲಸಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಕಾರಣ ತಿಳಿದರೆ ಮಾತ್ರ ಮುಂದಿನ ವಿನ್ಯಾಸ ಊಹೆಯ ಮೇಲೆ ನಿಲ್ಲುವುದಿಲ್ಲ.

ಆಗಲೂ ಬಗೆಹರಿಯದೆ ಉಳಿದದ್ದು ದಟ್ಟಣೆ. ಒಂದೇ ಆವೇಶದ ಅಯಾನುಗಳು ಪರಸ್ಪರ ದೂಡುತ್ತವೆ, ಹೆಚ್ಚಾದರೆ ಶೃಂಗಗಳು ಜರುಗುತ್ತವೆ. ಅದಕ್ಕೇ ಯಂತ್ರ ಮೊದಲು ಅಯಾನುಗಳನ್ನು ಚುಟುಕಾಗಿ ಎಣಿಸಿ, ಎಷ್ಟು ಹೊತ್ತು ತುಂಬಿಕೊಳ್ಳಬೇಕೆಂದು ತಾನೇ ನಿರ್ಧರಿಸುತ್ತದೆ. ಉಪಾಯ ಒಳ್ಳೆಯದು, ಆದರೆ ಬೆಲೆ ತೆರಬೇಕು. ಪಾಲಕ್ ಸೊಪ್ಪಿನಿಂದ ತೆಗೆದ ದ್ರಾವಣದಲ್ಲಿ ಸೊಪ್ಪಿನದೇ ಅಯಾನುಗಳು ಜಾಗ ತುಂಬಿದರೆ ಬಾಗಿಲು ಬೇಗ ಮುಚ್ಚುತ್ತದೆ. ನಾವು ಹುಡುಕುವ ಲೇಶಮಾತ್ರ ಕೀಟನಾಶಕಕ್ಕೆ ಸಿಗುವ ಪಾಲು ಕ್ಷೀಣ. 2002ರಲ್ಲಿ ಬಂದ ಉದ್ದನೆಯ ಲೀನಿಯರ್ ಟ್ರ್ಯಾಪ್ ಜಾಗವನ್ನೇ ಹಿಗ್ಗಿಸಿತು. ದಟ್ಟಣೆಗೆ ಅದು ನೇರವಾದ ಉತ್ತರ.

ಹಾಗಿದ್ದೂ ಸಾಮರ್ಥ್ಯವೆಂದರೆ ರೆಸಲ್ಯೂಷನ್, ಅಂದರೆ ಹತ್ತಿರದ ದ್ರವ್ಯರಾಶಿಗಳನ್ನು ಬೇರ್ಪಡಿಸಿ ತೋರಿಸುವ ಶಕ್ತಿ, ಎಂಬ ನಂಬಿಕೆ ಹೋಗಿಲ್ಲ. ಸ್ಕ್ಯಾನ್ ನಿಧಾನಿಸಿ 30,000 ಮೀರಬಹುದೆಂದು 1991ರಲ್ಲೇ ತೋರಿಸಿದ್ದಾರೆ. ಅದು ಅಯಾನುಗಳು ವಿರಳವಾಗಿದ್ದಾಗಿನ ಮಾತು. ಅಯಾನನ್ನು ಒಡೆದಾಗ ಅದರ ಮೂರನೇ ಒಂದು ಭಾಗಕ್ಕಿಂತ ಹಗುರವಾದ ತುಣುಕುಗಳು ಸಾಮಾನ್ಯವಾಗಿ ಕೈತಪ್ಪುವ ಕೊರತೆಯನ್ನೂ ರೆಸಲ್ಯೂಷನ್ ತುಂಬಿಕೊಡದು.

ಒಡೆದದ್ದನ್ನು ಮತ್ತೆ ಮತ್ತೆ ಒಡೆದು ಅಣುವಿನ ರಚನೆ ಬಿಡಿಸುವುದರಲ್ಲಿ ಟ್ರ್ಯಾಪ್ ಸಮರ್ಥ ಸಾಧನ. ಪ್ರಮಾಣ ಅಳೆಯುವ ದಿನನಿತ್ಯದ ಕೆಲಸದಲ್ಲಿ ಟ್ರಿಪಲ್ ಕ್ವಾಡ್ರುಪೋಲ್ ಎಂಬ ಇನ್ನೊಂದು ಬಗೆಯ ಮಾಸ್ ಸ್ಪೆಕ್ಟ್ರೋಮೀಟರ್ ಇನ್ನೂ ಮುಂದಿದೆ. ಆ ಅಂತರ ತಗ್ಗಬೇಕಾದರೆ ತಯಾರಕರೂ ಸಂಶೋಧಕರೂ ಶುದ್ಧ ದ್ರಾವಣದ ಅಂಕಿಗಳ ಜೊತೆಗೆ ಸೊಪ್ಪು, ಹಾಲು, ರಕ್ತದ ಸ್ಯಾಂಪಲ್‌ಗಳ ಅಂಕಿಗಳನ್ನೂ ಕೊಡಬೇಕು, ಅಳೆಯುವಾಗ ಟ್ರ್ಯಾಪಿನಲ್ಲಿ ಎಷ್ಟು ಅಯಾನುಗಳಿದ್ದವು ಎಂಬುದನ್ನೂ ಹೇಳಬೇಕು. ಸುಧಾರಣೆಯನ್ನು ಅಳೆಯಬೇಕಾದದ್ದು ಅಲ್ಲಿ.